ಹೊಸಿಯಾ ಅಕ್ಕನ ಮನೆಗೆ ಹೋದದ್ದು

ಹೊಸಿಯಾ ಗಿಲಿಯಂ ಎದ್ದು ನಿಂತರೆ ನಮ್ಮ ಚರ್ಚಿನ ಮಾಡು ಒಂದು ಗೇಣು ಮೇಲೆ ಸರಿದು ಜಾಗ ಬಿಡುತ್ತಿತ್ತು. ಡೆಟ್ರಾಯಿಟ್‌ನ ಕಾರು ಕಾರ್ಖಾನೆಯಲ್ಲಿ ಕಪ್ಪು ಜನರಾದ ಅವನೂ ನಾನೂ ತಗಡು ಒತ್ತುವ ಒಂದೇ ಪ್ರೆಸ್ಸಿನ ಆಚೆ ಈಚೆ ನಿಂತು ತಲೆ ನರೆಸಿಕೊಂಡವರು. ಪ್ರೆಸ್ಸು ಕೆಟ್ಟ ದಿನ ಅವನು ತಗಡನ್ನು ಮೊಣಕೈಯಿಂದ ಗುದ್ದಿ ಕಾರಿನ ಬಾಗಿಲು ಮಾಡುತ್ತಿದ್ದ ಎಂದು ನಾನು ಹೊಸಬರಿಗೆ ಹೇಳುತ್ತಿದ್ದೆ. ಅವನ ಮೊಣಕೈ ನೋಡಿದ ಮೇಲೆ ಯಾರೂ ಅಲ್ಲಗಳೆದಿದ್ದಿಲ್ಲ.

ಇಂಥ ಆಳು ಹೆದರುತ್ತಿದ್ದ. ಊಟದ ಹೋಟೆಲಾಗಲಿ ಮದುವೆ ಮನೆಯಾಗಲಿ, ಬಾಗಿಲು ಕಾಣುವ ಕುರ್ಚಿ ಸಿಗದಿದ್ದರೆ ನಿಂತೇ ಉಣ್ಣುತ್ತಿದ್ದ. ಊರಿನ ಎಲ್ಲೆ ದಾಟಿದ ಮೇಲೆ ಯಾವ ಪೆಟ್ರೋಲ್ ಬಂಕಿನಲ್ಲೂ ಕಾರು ನಿಲ್ಲಿಸುತ್ತಿರಲಿಲ್ಲ. ಇನ್ನು ಓಹಾಯೋ ನದಿ, ಅದರಾಚೆಗೆ ದಕ್ಷಿಣ, ನಮ್ಮವರು ಬಿಟ್ಟು ಬಂದ ಸೀಮೆ. ಒಂಬತ್ತು ವರ್ಷದ ಹುಡುಗನಾಗಿ ಆ ನದಿಯನ್ನು ದಾಟಿ ಇತ್ತ ಬಂದವನು ಮತ್ತೆ ಅತ್ತ ಮುಖ ಹಾಕಿರಲಿಲ್ಲ. ನಕ್ಷೆಯಲ್ಲಿ ನದಿ ಕಂಡರೂ ಬೆರಳು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದ.

ಎಪ್ಪತ್ತು ತುಂಬಿದ ವರ್ಷ ಮಿಸಿಸಿಪ್ಪಿಯಿಂದ ಅವನ ಅಕ್ಕ ಒಡೆಸ್ಸಾ ಫೋನು ಮಾಡಿದಳು. ಅವಳು ಮದುವೆಯಾಗಿ ದಕ್ಷಿಣಕ್ಕೆ ಮರಳಿದವಳು. ಕಾಲು ಗಟ್ಟಿ ಇರುವ ತನಕ ಅವಳೇ ತಮ್ಮನನ್ನು ನೋಡಲು ಬರುತ್ತಿದ್ದಳು. ಈಗ ಮೂತ್ರಪಿಂಡ ಎರಡೂ ಕೈಕೊಟ್ಟು ಹಾಸಿಗೆ ಹಿಡಿದಿದ್ದಳು.

"ಹೊಸಿ, ನಾನು ಹೊರಟೆ ಕಣೋ. ಡಾಕ್ಟ್ರು ತಿಂಗಳ ಮಾತೇ ಆಡ್ತಿಲ್ಲ, ವಾರದ ಮಾತಾಡ್ತಾರೆ. ಬರ್ತೀಯೋ, ಇಲ್ಲ ಹೂವು ಕಳಿಸಿ ಸುಮ್ನಾಗ್ತೀಯೋ? ಹೂವು ಕಳಿಸ್ಬೇಡ. ನಂಗೆ ಸೀನು ಬರುತ್ತೆ."

"ಬರ್ತೀನಕ್ಕ" ಅಂದ ಹೊಸಿಯಾ. ಫೋನು ಇಟ್ಟವನು ನನ್ನ ಅಡಿಗೆಮನೆಗೆ ಬಂದು ಗೋಡೆಗೆ ಬೆನ್ನು ಕೊಟ್ಟು ಕೂತ. ನನ್ನ ಹೆಂಡತಿ ವರ್ಲೀನ್ ಕಾಫಿ ಕೊಟ್ಟಳು. ಅವನ ಕೈ ನಡುಗಿದ ರಭಸಕ್ಕೆ ಕಾಫಿಯಲ್ಲಿ ಬೆಣ್ಣೆ ಬರುವುದೊಂದು ಬಾಕಿ.

ವಿಮಾನದ ಟಿಕೆಟ್ ಕೊಡಿಸಿದೆವು. ಹಾರುವಾಗ ಬಾಗಿಲು ತೆಗೆಯುವುದಿಲ್ಲ ಎಂದು ತಿಳಿದದ್ದೇ ತಡ, ಇಳಿದು ಮನೆಗೆ ಬಂದ.

ಆಸ್ಪತ್ರೆಯೊಂದರಲ್ಲಿ ಮನಸ್ಸಿಗೆ ಮದ್ದು ಕೊಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಬಿಳಿಯರ ಪೈಕಿ, ಒಳ್ಳೆಯವನೇ, ದನಿಯೂ ಹಾಲಿನಂಥದ್ದು. "ಕಣ್ಣು ಮುಚ್ಚಿ. ನೀವೊಂದು ಕಾಡಲ್ಲಿದ್ದೀರಿ. ಸಂಜೆ. ದೊಡ್ಡ ಮರ. ಸುತ್ತ ಯಾರೂ ಇಲ್ಲ" ಅಂದ. ಪಾಪ, ಅವನಿಗೆ ಅದು ನೆಮ್ಮದಿಯ ಚಿತ್ರ. ದಕ್ಷಿಣದ ಕಾಡಿನಲ್ಲಿ ಬಿಳಿಯರು ನೇಣಿಗೆ ಹಾಕಿದ ನಮ್ಮವರು ಸಂಜೆ ಹೊತ್ತು ದೊಡ್ಡ ಮರದಿಂದ ತೂಗುತ್ತಿದ್ದರು ಎಂದು ಅವನ ಮನೆಯಲ್ಲಿ ಯಾರೂ ಹೇಳಿರಲಿಲ್ಲ. ಹೊಸಿಯಾ ಎದ್ದು ಓಡಿದ. ಆತುರಕ್ಕೆ ಹೊರಬಾಗಿಲೆಂದು ಕಸಬರಿಕೆ ಇಡುವ ಗೂಡಿನ ಬಾಗಿಲು ತೆಗೆದು ಒಳಗೆ ನಿಂತುಕೊಂಡ. ನಾನು ಹೋಗಿ ಕರೆಯುವವರೆಗೂ ಬಾಯಿಗೆ ಕೈ ಒತ್ತಿಕೊಂಡು ಕತ್ತಲಲ್ಲೇ ಇದ್ದ.

ಆಮೇಲೆ ವರ್ಲೀನ್ ಹುಡುಕಿದವರು ಡಾಕ್ಟರ್ ರೆನೆಟಾ ಬಾಯ್ಕಿನ್. ನಮ್ಮವರೇ. ಚರ್ಚಿನ ನೆಲಮಾಳಿಗೆಯಲ್ಲಿ ವಾರಕ್ಕೊಮ್ಮೆ ಕೂರುತ್ತಿದ್ದರು. ಮೆಣಸಿನಕಾಳಿನಷ್ಟು ಎತ್ತರದ ಹೆಂಗಸು. ನಾನು ಜೊತೆಗಿರಲಿ ಎಂದು ಹೊಸಿಯಾ ಕೇಳಿದ್ದಕ್ಕೆ ಒಪ್ಪಿದರು.

"ಡೀಕನ್ ಗಿಲಿಯಂ, ನಿಮ್ಗೆ ಯಾವ ಕುರ್ಚಿ ಬೇಕೋ ಅದು ತಗೊಳ್ಳಿ."

ಚರ್ಚಿನಲ್ಲಿ ಪ್ರಾರ್ಥನೆಗೆ ಮುಂದಾಗುವ ಹಿರಿಯರನ್ನು ನಾವು ಡೀಕನ್ ಅನ್ನುತ್ತೇವೆ; ಹೊಸಿಯಾ ಅವರಲ್ಲೊಬ್ಬ. ಅವನು ಬಾಗಿಲು ಕಾಣುವ ಕುರ್ಚಿ ಹಿಡಿದ. ಅವರು ಬಾಗಿಲಿಗೆ ಬೆನ್ನು ಹಾಕಿ ಎದುರು ಕೂತರು.

"ನಿಮ್ಮ ಹಿರೀಕರು ಎಲ್ಲಿಯವರು?" ಹೀಗೆ ಶುರುವಾಯಿತು. ಅವರ ಅಜ್ಜಿಯ ಊರೂ ಅವನ ಅಜ್ಜನ ಊರೂ ಒಂದೇ ಹೊಳೆಯ ನೀರು ಕುಡಿದವು ಎಂದು ಗೊತ್ತಾಗುವ ಹೊತ್ತಿಗೆ ಗಂಟೆ ಮುಗಿದಿತ್ತು. ಮುಂದಿನ ವಾರ ಅವನೇ ಕೇಳಿದ, "ಕಣ್ಣು ಮುಚ್ಬೇಕಾ?"

"ಯಾಕ್ರೀ? ನಮ್ಮವರು ಕಣ್ಣು ಬಿಟ್ಕೊಂಡಿದ್ದಕ್ಕೇ ಉಳಿದಿದ್ದು. ನಿಮ್ಮ ಹೆದ್ರಿಕೆ ಹುಚ್ಚಲ್ಲ, ಡೀಕನ್. ಅದಕ್ಕೆ ಕೆಲಸ ಇತ್ತು. ಕೆಲವು ದಿನ ಈಗ್ಲೂ ಇದೆ. ಹೊತ್ತುಹೊತ್ತಿಗೆ ಅದಕ್ಕೊಂದು ರಜೆ ಕೊಡೋದು ಕಲಿಯೋಣ, ಅಷ್ಟೆ."

ಅವತ್ತು ಅವನು ಹೇಳಿದ. ಅರ್ಧ ಶತಮಾನ ಪಕ್ಕದಲ್ಲಿ ನಿಂತವನು ನಾನು. ಕೇಳಿದ್ದು ಅವತ್ತೇ ಮೊದಲು.

ಅಪ್ಪ, ಒಡೆಸ್ಸಾ, ಅವನು, ಹಳೆಯ ಕಾರಿನಲ್ಲಿ ಉತ್ತರಕ್ಕೆ ಹೊರಟಿದ್ದರು. ಮಡಿಲಲ್ಲಿ ಶೂ ಡಬ್ಬ. ದಾರಿಯ ಹೋಟೆಲುಗಳಲ್ಲಿ ನಮ್ಮವರಿಗೆ ಊಟ ಹಾಕದ ಕಾಲ. ಶೂ ಬಂದ ರಟ್ಟಿನ ಡಬ್ಬಕ್ಕೆ ಮೇಣದ ಕಾಗದ ಹಾಸಿ, ಕರಿದ ಕೋಳಿ, ಬೇಯಿಸಿದ ಮೊಟ್ಟೆ, ಬೆಣ್ಣೆ ಕೇಕು ತುಂಬಿ ಕಟ್ಟುತ್ತಿದ್ದರು. ಊಟ ಇತ್ತು, ಪೆಟ್ರೋಲ್ ಮುಗಿಯಿತು. ಹೊತ್ತು ಮುಳುಗಿದ ಮೇಲೆ ನಮ್ಮವರು ಕಾಣಿಸಿಕೊಳ್ಳಬಾರದು ಎಂದು ಬಾಗಿಲಲ್ಲೇ ಹಲಗೆ ಹಾಕಿದ್ದ ಊರು. ಬಂಕಿಗೆ ಕಾರು ತಿರುಗಿಸಿದಾಗ ಸೂರ್ಯ ಮರದ ತುದಿಯಲ್ಲಿದ್ದ. ನಾಲ್ಕೈದು ಬಿಳಿಯರು ಬಂದು ಅಪ್ಪನನ್ನು ಇಳಿಸಿ ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದರು. ಒಡೆಸ್ಸಾ ತಮ್ಮನನ್ನು ಸೀಟಿನ ಕೆಳಗೆ ತುರುಕಿ, ಮೇಲೆ ಕೌದಿ ಎಳೆದು, ಅವನ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದಳು. ಶೆಡ್ಡಿನ ಹಿಂದಿನಿಂದ ನಗು ಕೇಳಿಸಿತು. ಆಮೇಲೆ ನಗುವೂ ನಿಂತಿತು.

"ಅಪ್ಪ ವಾಪಸ್ ಬಂದ" ಅಂದ ಹೊಸಿಯಾ. "ತಲೆ ಮೇಲೆ ಟೋಪಿ ಇರ್ಲಿಲ್ಲ. ಕೂತು ಗಾಡಿ ಹೊಡೆದ. ಏನಾಯ್ತು ಅಂತ ಅವನು ಹೇಳ್ಲಿಲ್ಲ, ನಾವು ಕೇಳ್ಲಿಲ್ಲ. ಆ ಡಬ್ಬ ಯಾರೂ ತೆಗೀಲಿಲ್ಲ."

ನನ್ನ ನಾಲಿಗೆಯ ತುದಿಯಲ್ಲಿ ಯಾವಾಗಲೂ ಕುಳಿತಿರುವ ತಮಾಷೆ ಅವತ್ತು ಎದ್ದು ಹೊರಗೆ ಹೋಗಿತ್ತು.

ಉಸಿರು ಎಳೆದುಕೊಳ್ಳಿ ಎಂದರೆ ಹೊಸಿಯಾ ಉಸಿರು ಕಟ್ಟುತ್ತಿದ್ದ. ಆ ಅಂಗೈ ಇನ್ನೂ ಬಾಯ ಮೇಲಿತ್ತಲ್ಲ. ಬಾಯ್ಕಿನ್ ಸ್ವಲ್ಪ ಯೋಚಿಸಿ, "ಭಾನುವಾರ ಪ್ರಾರ್ಥನೆಗೆ ಮುಂಚೆ ನೀವು ಡೀಕನ್‌ಗಳು ಮಾಡ್ತೀರಲ್ಲ, ಅದು ಮಾಡಿ ನೋಡೋಣ" ಅಂದರು. ಪದವಿಲ್ಲದ ಹಳೆಯ ಗುನುಗು ಅದು; ತುಟಿ ಬಿಚ್ಚದೆ ಎದೆಯಿಂದ ಎಳೆಯುವುದು. ನಮ್ಮ ಅಜ್ಜಂದಿರು ಹತ್ತಿಯ ಹೊಲದಿಂದ ತಂದದ್ದು. ಹೊಸಿಯಾ ಗುನುಗಿದ. ನೆಲಮಾಳಿಗೆಯ ಕೊಳಾಯಿಗಳು ಜೊತೆಗೂಡಿದವು. ಮೂರು ಬೀದಿಯಾಚೆ ಒಂದು ಬೆಕ್ಕು ಧರ್ಮಕ್ಕೆ ತಿರುಗಿತು. ಗುನುಗು ಮುಗಿದಾಗ ಅವನು ತನಗೆ ಗೊತ್ತಿಲ್ಲದೆ ಉಸಿರೆಳೆದುಕೊಂಡ.

"ಅದೇ ಉಸಿರಾಟ" ಅಂದರು ಬಾಯ್ಕಿನ್. "ನಿಮ್ಮನೇಲೇ ಇತ್ತು."

ಆಮೇಲೆ ಅಭ್ಯಾಸ. ಚರ್ಚಿನ ಅಂಗಳದಲ್ಲಿ ನಿಂತ ಕಾರಿನೊಳಗೆ ನಾವಿಬ್ಬರೂ ಮಡಿಲಲ್ಲಿ ಶೂ ಡಬ್ಬ ಇಟ್ಟುಕೊಂಡು ಕೂರುವುದು. ಅವನು ಡಬ್ಬ ತೆಗೆಯಬೇಕು, ತಿನ್ನಬೇಕು. ಮೊದಲ ಸಲ ಮುಚ್ಚಳಕ್ಕೆ ಬೆರಳು ತಾಗಿದ್ದೇ ಬೆವರು ಹರಿಯಿತು. ನಾನು ವೈಪರ್ ಹಾಕುವವನಿದ್ದೆ. ಅತ್ತ ಅಕ್ಕ ಕ್ಷೀಣಿಸುತ್ತಿದ್ದಳು, ಇತ್ತ ನಾವು ಕೋಳಿ ತಿನ್ನುತ್ತಿದ್ದೆವು. ಬೀದಿಯ ತುದಿಯವರೆಗೆ ಹೋದೆವು. ಊರಿನ ಎಲ್ಲೆಯವರೆಗೆ ಹೋದೆವು. ಅಷ್ಟರಲ್ಲಿ ಒಡೆಸ್ಸಾಳ ಮಗಳ ಫೋನು ಬಂತು: "ಮಾವ, ಅಮ್ಮ ಊಟ ಬಿಟ್ಟಿದ್ದಾಳೆ."

"ನಾಳೇನೇ ಹೋಗ್ತೀವಿ" ಅಂದ ಹೊಸಿಯಾ ಬಾಯ್ಕಿನ್‌ಗೆ. "ನಾನು ರೆಡಿ ಇಲ್ಲ."

"ಹೌದು, ರೆಡಿ ಇಲ್ಲ" ಅಂದರು ಅವರೂ. "ಹೆದ್ರಿಕೆ ಜೊತೇಲೇ ಕರ್ಕೊಂಡ್ ಹೋಗಿ. ಹಿಂದಿನ ಸೀಟಲ್ಲಿ ಕೂರಿಸಿ. ಸ್ಟೇರಿಂಗ್ ಮಾತ್ರ ಕೊಡ್ಬೇಡಿ."

ಕತ್ತಲು ಹರಿಯುತ್ತಿದ್ದಂತೆ ಹೊರಟೆವು. ಹೊತ್ತು ಮುಳುಗುವ ಮುನ್ನ ಮುಟ್ಟಲೇಬೇಕು ಎಂಬುದು ಅವನ ಕರಾರು. ವರ್ಲೀನ್ ಕಟ್ಟಿದ ಶೂ ಡಬ್ಬ ಅವನ ಮಡಿಲಲ್ಲಿ. ಓಹಾಯೋ ಸೇತುವೆಯ ಮೇಲೆ ಅವನ ಗುನುಗಿಗೆ ಕಬ್ಬಿಣದ ತೊಲೆಗಳೆಲ್ಲ ನಡುಗಿದವು. ಆದರೂ ದಾಟಿದ. ನಾನು ನಕ್ಕೆ. "ನೋಡ್ದಾ, ನದಿ ನಿನ್ನ ನೋಡಿ ಪಕ್ಕಕ್ ಸರೀತು."

"ಮುಂದೆ ನೋಡ್ಕೊಂಡ್ ಓಡ್ಸು, ಥ್ಯಾಡ್."

ಟೆನ್ನೆಸ್ಸೀ ದಾಟುವ ಹೊತ್ತಿಗೆ ನನಗೆ ತಲೆ ಸುತ್ತತೊಡಗಿತು. ಕಾರಿನೊಳಗೆಲ್ಲ ಪೆಟ್ರೋಲ್ ವಾಸನೆ. ದಾರಿಯುದ್ದಕ್ಕೂ ರಸ್ತೆ ಬದಿ ಇಳಿಯುವಾಗೆಲ್ಲ "ಒಂದ್ ಕ್ಯಾನ್ ಪೆಟ್ರೋಲ್ ತಂದಿದ್ದೀನಿ, ನಾನೇ ಹಾಕ್ತೀನಿ, ನೀನು ಕೂತಿರು" ಎಂದು ಅವನೊಬ್ಬನೇ ಹಿಂದಕ್ಕೆ ಹೋಗುತ್ತಿದ್ದದ್ದು ಆಗ ಅರ್ಥವಾಯಿತು.

"ಹೊಸಿಯಾ. ಡಿಕ್ಕೀಲಿ ಇನ್ನೇನಿದೆ?"

ಅವನು ಕಿಟಕಿಯ ಹೊರಗೆ ನೋಡಿದ.

"ಹೇಳೋ."

"ಕ್ಯಾನು. ಡಿಕ್ಕಿ ತುಂಬಾ ಪೆಟ್ರೋಲ್ ಕ್ಯಾನು. ಬಂಕಲ್ಲಿ ನಿಲ್ಲಿಸ್ಬಾರ್ದು ಅಂತ. ಅಪ್ಪ ಆ ದಿನದ ಮೇಲೆ ಹಂಗೇ ಮಾಡ್ತಿದ್ದ."

ನಾವು ಎರಡು ಸಾವಿರ ಪೌಂಡಿನ ಬಾಂಬಿನ ಮೇಲೆ ಕೂತು ಕೋಳಿ ತಿನ್ನುತ್ತ ಬಂದಿದ್ದೆವು. ಬಂಕಿನಲ್ಲಿ ನಿಲ್ಲುವ ಹೆದರಿಕೆಗೆ ಬಂಕನ್ನೇ ಬೆನ್ನಿಗೆ ಕಟ್ಟಿಕೊಂಡು ಹೊರಟವರು ನಮ್ಮವರಲ್ಲದೆ ಲೋಕದಲ್ಲಿ ಇನ್ಯಾರೂ ಇರಲಾರರು. ಬೈಯಬೇಕೆಂದು ಬಾಯಿ ತೆರೆದೆ, ಬಂದದ್ದು ವಾಂತಿ. ರಸ್ತೆಯ ಅಂಚಿಗೆ ಕಾರು ನಿಲ್ಲಿಸಿದೆ. ಎರಡೂ ಕಡೆ ಪೈನ್ ಮರ. ಸೂರ್ಯ ಮರದ ತುದಿಯಲ್ಲಿದ್ದ.

ಹಿಂದೆ ನೀಲಿ ದೀಪ ತಿರುಗತೊಡಗಿತು.

ಹೊಸಿಯಾ ಎರಡೂ ಅಂಗೈಗಳನ್ನು ಮುಂದಿನ ಹಲಗೆಯ ಮೇಲೆ ಚಪ್ಪಟೆಯಾಗಿ ಇಟ್ಟ. ನಾನು ಸ್ಟೇರಿಂಗ್ ಮೇಲೆ ಇಟ್ಟೆ. ಕೈ ಕಾಣಿಸದಿದ್ದರೆ ಗುಂಡು ಬೀಳುತ್ತದೆ; ಇದನ್ನು ಯಾರೂ ನಮಗೆ ಕಲಿಸಬೇಕಿರಲಿಲ್ಲ. ಪೊಲೀಸಿನವನು ನಡೆದು ಬರುವ ಸದ್ದು ಜಲ್ಲಿಯ ಮೇಲೆ ಕೇಳುತ್ತಿತ್ತು. ಬಿಳಿಯ, ಎಳೆಯ ಪ್ರಾಯ. ಕೈ ಸೊಂಟದ ಪಿಸ್ತೂಲಿನ ಮೇಲೆ.

"ಏನು ವಾಸನೆ ಇದು? ಡಿಕ್ಕಿ ತೆಗೀರಿ."

ತೆಗೆಯುವ ಗುಂಡಿ ಎಲ್ಲಿದೆ ಎಂದು ಹೇಳಿ, ಒತ್ತಲೇ ಎಂದು ಕೇಳಿ, ಒತ್ತಿದೆ. ಅವನು ಹಿಂದೆ ಹೋಗಿ ನೋಡಿ ಮರಳಿದಾಗ ಮುಖ ಬಿಗಿದಿತ್ತು.

"ಇಷ್ಟೊಂದು ಪೆಟ್ರೋಲ್ ಯಾಕೆ? ಏನು ಸುಡೋಕೆ ಹೊರಟ್ರಿ?"

ನನ್ನ ಬಳಿ ಯಾವ ಹೊತ್ತಿಗೂ ಏಳುನೂರು ಸುಳ್ಳು ದಾಸ್ತಾನು ಇರುತ್ತದೆ. ಒಂದೂ ಕೈಗೆ ಸಿಗಲಿಲ್ಲ. ಪಕ್ಕದಿಂದ ಸಣ್ಣಗೆ ಗುನುಗು ಎದ್ದಿತು.

"ಅವರಿಗೇನಾಗಿದೆ?"

ಗುನುಗು ನಿಂತಿತು. ಹೊಸಿಯಾ ಉಸಿರೆಳೆದುಕೊಂಡ. "ನಮ್ಮಕ್ಕ ಸಾಯ್ತಿದ್ದಾಳೆ ಸಾರ್, ನೋಡೋಕ್ ಹೋಗ್ತಿದ್ದೀವಿ. ದಾರೀಲಿ ನಿಲ್ಲಿಸೋಕೆ ಹೆದ್ರಿಕೆ. ಅದಕ್ಕೆ ಕ್ಯಾನು."

"ಹೆದ್ರಿಕೆ? ಯಾರನ್ನ ಕಂಡು?"

ಅವನು ಉತ್ತರ ಕೊಡದಿರಲಿ ಎಂದು ನಾನು ಬೇಡಿಕೊಂಡೆ. ನನ್ನ ಹರಕೆಗಳು ಈಡೇರುವುದು ಕಡಿಮೆ.

"ನಿಮ್ಮನ್ನ" ಅಂದ ಹೊಸಿಯಾ.

ಪೊಲೀಸಿನವನ ಕೈ ಪಿಸ್ತೂಲಿನ ಮೇಲೇ ಇತ್ತು, ಬೆರಳುಗಳು ಆಡುತ್ತಿದ್ದವು. ಅವನೂ ಹೆದರಿದ್ದಾನೆ ಎಂದು ಆಗ ಹೊಳೆಯಿತು. ಪಿಸ್ತೂಲು ಇರುವವನು ಹೆದರಬಾರದು.

"ಆ ಡಬ್ಬದಲ್ಲೇನು?"

"ಕೋಳಿ ಸಾರ್. ತೆಗೀತೀನಿ. ಬಲಗೈಲಿ ತೆಗೀತೀನಿ."

ಮುಚ್ಚಳ ಎತ್ತಿದ. ಒಂದು ಕಾಲು, ಎರಡು ಮೊಟ್ಟೆ, ಕೇಕಿನ ತುಂಡು. ಪೊಲೀಸಿನವನು ಬಹಳ ಹೊತ್ತು ಅದನ್ನೇ ನೋಡಿದ. ಕಿವಿ ಕೆಂಪಗಾಗಿತ್ತು. ಕೈ ಸೊಂಟದಿಂದ ಜಾರಿತು.

"ಮುಂದೆ ಒಂದು ಬಂಕ್ ಇದೆ. ಕ್ಯಾನೆಲ್ಲ ಅಲ್ಲಿ ಬಿಟ್ಬಿಡಿ, ಇಲ್ದಿದ್ರೆ ಹೊತ್ಕೊಂಡು ಉರೀತೀರಿ. ಹೆದ್ರಬೇಡಿ. ನಾನೇ ಹಿಂದೆ ಬರ್ತೀನಿ, ಅಲ್ಲೀವರೆಗೂ."

ಅವನು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ಆದರೆ ಸಂಜೆ ಹೊತ್ತು, ಪೈನ್ ಮರಗಳ ನಡುವೆ, ಬೆನ್ನಿಗೆ ಪೊಲೀಸ್ ಕಾರು ಅಂಟಿಕೊಂಡು ಬರುವುದಕ್ಕಿಂತ ಹೆಚ್ಚಿನ ಭಯವನ್ನು ಯಾರೂ ಇನ್ನೂ ಕಂಡುಹಿಡಿದಿಲ್ಲ. ಆಮೆಗಳು ನಮ್ಮನ್ನು ದಾಟಿ ಹೋಗುವಷ್ಟು ನಿಧಾನ ಓಡಿಸಿದೆ. ಕನ್ನಡಿ ನೋಡಲು ಧೈರ್ಯವಿಲ್ಲ, ನೋಡದಿರಲೂ ಆಗದು. ಹೊಸಿಯಾ ಗುನುಗಿದ. ಒಂದು ತಿರುವಿನಲ್ಲಿ ನನ್ನ ಬಾಯಿಂದಲೂ ಅದೇ ಸದ್ದು ಬರುತ್ತಿದೆ ಎಂದು ತಿಳಿಯಿತು.

ಬಂಕು ಬಂತು. ಪಕ್ಕದಲ್ಲೊಂದು ಶೆಡ್ಡು. ಹೊಸಿಯಾ ಶೆಡ್ಡನ್ನು ನೋಡಿದ, ಬಾಗಿಲ ಹಿಡಿಯನ್ನು ಹಿಡಿದ, ಬಿಟ್ಟ, ಮತ್ತೆ ಹಿಡಿದ. ಅವನು ಇಳಿದ, ಹಿಂದೆಯೇ ನಾನೂ. ಶೆಡ್ಡಿನ ಕಡೆಯಿಂದ ಕಣ್ಣು ಕೀಳದೆ, ಒಂದೊಂದೇ ಕ್ಯಾನು ಹೊತ್ತು ಬಂಕು ನೋಡಿಕೊಳ್ಳುತ್ತಿದ್ದ ಹೆಂಗಸಿನ ಮುಂದಿಟ್ಟ. ನೀಲಿ ದೀಪದ ಕಾರು ಒಮ್ಮೆ ಹಾರ್ನ್ ಮಾಡಿ ಹೊರಟುಹೋಯಿತು. ಆ ಹಾರ್ನಿಗೆ ನಾವಿಬ್ಬರೂ ನೆಲ ಬಿಟ್ಟು ಎಷ್ಟು ಎತ್ತರ ಹಾರಿದೆವು ಎಂದರೆ, ಇಳಿಯುವಷ್ಟರಲ್ಲಿ ಹೊತ್ತು ಮುಳುಗಿತ್ತು.

ಒಡೆಸ್ಸಾಳ ಮನೆ ಮುಟ್ಟಿದಾಗ ಮಗಳು ಬಾಗಿಲಲ್ಲೇ ನಿಂತಿದ್ದಳು. ಒಳಗಿಂದ ಕ್ಷೀಣ ದನಿ ಬಂತು.

"ಬಂದ್ಯಾ? ಅರವತ್ತು ವರ್ಷ ಲೇಟು."

"ದಾರೀಲಿ ಟ್ರಾಫಿಕ್ ಇತ್ತಕ್ಕ."

"ಆ ಡಬ್ಬದಲ್ಲೇನು? ಕೊಡಿಲ್ಲಿ." ಊಟ ಬಿಟ್ಟವಳು ಕೇಕಿನ ಮೂಲೆ ಮುರಿದು ನಾಲಿಗೆಯ ಮೇಲೆ ಇಟ್ಟುಕೊಂಡಳು. "ವರ್ಲೀನ್ ಸಕ್ಕರೆಗೆ ಬಡತನ ಮಾಡಿದ್ದಾಳೆ." ಆಮೇಲೆ ತನ್ನ ಬಲಗೈಯನ್ನು ಕಣ್ಣ ಮುಂದೆ ಹಿಡಿದು ನೋಡಿದಳು. "ಹೊಸಿ, ಅವತ್ತು ಈ ಕೈನ ಎಷ್ಟು ಜೋರಾಗಿ ಒತ್ತಿದ್ದೆ ಅಂದ್ರೆ, ನೀನು ಮಿಸುಕೋದೇ ನಿಂತೋಗಿತ್ತು. ಕೊಂದೇಬಿಟ್ಟೆ ಅನ್ಕೊಂಡೆ. ಮಕ್ಕಳನ್ನ ಮಲಗಿಸ್ವಾಗ್ಲೂ ನಂಗೆ ಈ ಕೈ ಕಂಡ್ರೆ ಭಯ."

ಹೊಸಿಯಾ ಆ ಕೈಯನ್ನು ಎತ್ತಿಕೊಂಡು ತನ್ನ ಬಾಯಿಯ ಮೇಲೆ ಇಟ್ಟುಕೊಂಡ. ಅದರೊಳಗೆ ಮೆಲ್ಲಗೆ ಗುನುಗಿದ.

"ಕಚಗುಳಿ ಆಗುತ್ತೆ" ಅಂದಳು ಒಡೆಸ್ಸಾ. ಕೈ ತೆಗೆಯಲಿಲ್ಲ. ಹಾಗೆಯೇ ನಿದ್ದೆ ಹೋದಳು.

ಅವನು ಅಲುಗಾಡದೆ ಕೂತಿದ್ದ. ಎಳೆದುಕೊಂಡ ಕುರ್ಚಿ ಬಾಗಿಲಿಗೆ ಬೆನ್ನು ಮಾಡಿತ್ತು. ಅವನು ಅದನ್ನು ಗಮನಿಸಿರಲಿಲ್ಲ. ಹೊರಗೆ ಯಾವುದೋ ಗಾಡಿ ನಿಧಾನವಾಗಿ ಹಾದುಹೋಯಿತು, ಗೋಡೆಯ ಮೇಲೆ ಬೆಳಕು ಹರಿಯಿತು. ಇನ್ನೊಂದು ಕುರ್ಚಿ ಎಳೆದುಕೊಂಡು, ಬಾಗಿಲಿಗೆ ಮುಖ ಮಾಡಿ, ನಾನು ಕೂತೆ.