ದಿಗಂಬರ ಆರಿಸಿದ ವಿಮಾನ

ದಿಗಂಬರ ಕಟಗೇರಿಯಂಥ ಒಳ್ಳೆಯ ಮನುಷ್ಯನ ನೆರೆಯಲ್ಲಿ ಬದುಕುವುದು ಸುಲಭದ ಮಾತಲ್ಲ. ನಾನು ಬದುಕಿದ್ದೇನೆ, ಆದ್ದರಿಂದ ಹೇಳುವ ಹಕ್ಕಿದೆ. ಪುಣೆಯ ಸದಾಶಿವ ಪೇಠೆಯ ಹಳೆಯ ವಾಡೆಯೊಂದರಲ್ಲಿ ಮಹಡಿಯ ಮೇಲೆ ಅವನ ಸಂಸಾರ, ಕೆಳಗೆ ನನ್ನದು. ಇಬ್ಬರೂ ಧಾರವಾಡದಲ್ಲಿ ಓದಿ ಹೊಟ್ಟೆಪಾಡಿಗೆ ಇಲ್ಲಿಗೆ ಬಂದವರು. ಇಬ್ಬರೂ ಚಿಂಚವಾಡದ ಒಂದೇ ಕಾರ್ಖಾನೆಯಲ್ಲಿ ನೌಕರರು. ಬೆಳಗ್ಗೆ ಶಿವಾಜಿನಗರದಲ್ಲಿ ಹತ್ತುವ ಲೋಕಲ್ ಗಾಡಿಯೂ ಒಂದೇ. ಅವನಿಂದ ತಪ್ಪಿಸಿಕೊಳ್ಳಲು ನನಗೆ ಜಾಗವೇ ಇರಲಿಲ್ಲ.

ನಾನು ಲೆಕ್ಕದ ವಿಭಾಗ. ಅವನು ಪ್ರವಾಸದ ವಿಭಾಗ. ವಿಭಾಗವೆಂದರೆ ಅವನೊಬ್ಬ, ಒಂದು ಮೇಜು, ಒಂದು ಫೋನು. ಸಾಹೇಬರಿಗೆ ದೆಹಲಿಗೆ ವಿಮಾನ, ಇಂಜಿನಿಯರರಿಗೆ ಕೋಲ್ಹಾಪುರಕ್ಕೆ ರೈಲು, ಫೋರ್‌ಮನ್‌ನ ಮಗಳ ಮದುವೆಗೆ ಹೊರಟ ಬೀಗರಿಗೆ ಬರ್ತು, ಎಲ್ಲ ಅವನ ಕೈಯಿಂದಲೇ ಆಗಬೇಕು. ಎಂಥ ಗದ್ದಲದ ಹಬ್ಬದಲ್ಲೂ ಅವನು ಇಲ್ಲವೆಂದವನಲ್ಲ. ಆದರೆ ಒಂದು ದೀಪಾವಳಿಯಲ್ಲಿ ಅವನ ಹೆಂಡತಿ ಇಂದೂ ವೈನಿ ಅವನೊಂದಿಗೆ ಧಾರವಾಡದವರೆಗೆ ಜನರಲ್ ಡಬ್ಬಿಯಲ್ಲಿ, ಸಂಡಾಸದ ಬಾಗಿಲ ಪಕ್ಕ, ಟ್ರಂಕಿನ ಮೇಲೆ ಕುಳಿತು ಹೋಗಬೇಕಾಯಿತು. ಕಂಪನಿಯ ಕೋಟಾದಲ್ಲಿ ಎರಡು ಬರ್ತು ಖಾಲಿ ಇದ್ದವು. ಮನೆಯವರಿಗಾಗಿ ಅದನ್ನು ಮುಟ್ಟುವುದು ಹೇಗೆ ಎಂದು ಈ ಮಹಾರಾಯ ಮುಟ್ಟಿರಲಿಲ್ಲ. ಊರು ಮುಟ್ಟುವವರೆಗೆ ವೈನಿ ಅವನೊಡನೆ ಮಾತಾಡಲಿಲ್ಲ. ಒಳ್ಳೆಯದೇ ಮಾಡಿದರು.

ನಮ್ಮ ಕಡೆ ಇದಕ್ಕೆ ಭಿಡೆ ಎನ್ನುತ್ತಾರೆ. ತನಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಲಾರದ ಸಂಕೋಚ. ಉಳಿದವರಲ್ಲಿ ಅದು ಉಪ್ಪಿನಷ್ಟಿರುತ್ತದೆ, ದಿಗಂಬರನಲ್ಲಿ ಅದೇ ಊಟವಾಗಿತ್ತು.

೧೯೮೨ರ ಚಳಿಗಾಲ. ಕಬ್ಬು ಅರೆಯುವ ಹಂಗಾಮು. ನಮ್ಮ ಕಾರ್ಖಾನೆಯಲ್ಲಿ ಸಕ್ಕರೆ ಗಿರಣಿಗಳ ಗಾಣಕ್ಕೆ ಬೇಕಾದ ದೊಡ್ಡ ಗೇರ್‌ಬಾಕ್ಸು ತಯಾರಾಗುತ್ತಿದ್ದವು. ಮುಧೋಳದ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯಲ್ಲಿ ಕೂಡಿಸಿದ್ದ ಹೊಸ ಗೇರ್‌ಬಾಕ್ಸನ್ನು ನೋಡಲು ಜರ್ಮನಿಯಿಂದ ಇಬ್ಬರು ಬಂದಿದ್ದರು. ಅವರ ಕೈಯಲ್ಲಿ ಇದ್ದದ್ದು ಒಂದೇ ದಿನ. ಮುಂಜಾನೆ ಹೋಗಿ ಸಂಜೆಯೊಳಗೆ ಪುಣೆಗೆ ಮರಳಬೇಕು. ಹೀಗಾಗಿ ಬಾಡಿಗೆ ವಿಮಾನದ ಮಾತು ಬಂತು. ನಮ್ಮ ಮಾಲೀಕರು ಸದಾನಂದರಾಯರು. ಅವರ ತಾಯಿಯ ತವರು ಅಥಣಿ, ಆದ್ದರಿಂದ ನಮ್ಮೊಡನೆ ಕನ್ನಡದಲ್ಲೇ ಮಾತು. ಅವರು ದಿಗಂಬರನನ್ನು ಕರೆದು ಹೇಳಿದರು:

“ಇಷ್ಟು ದಿವಸ ಟಿಕೀಟ ತಗಸ್ತಿದ್ರಿ. ಈಗ ವಿಮಾನಾನ ಆರಿಸ್ರಿ. ನನಗ ಅದರಾಗಿಂದು ಏನೂ ತಿಳಿಯೂದುಲ್ಲ. ನೀವು ತಂದದ್ರಾಗ ನಾ ಕೂಡ್ತೀನಿ. ನೀವೂ ಜೋಡಿ ಬರ್ರಿ.”

ಅವತ್ತು ಲೋಕಲ್ ಗಾಡಿಯಲ್ಲಿ ದಿಗಂಬರನ ಮುಖ ನೋಡಬೇಕಿತ್ತು. ದಿನವೆಲ್ಲ ಮುಂಬಯಿಗೆ ಫೋನು ಮಾಡಿ ಎರಡು ವಿಮಾನ ಹುಡುಕಿದ್ದ. ಒಂದು ಜೆಟ್. ಎಂಟು ಜನ ಕೂಡುವಂಥದ್ದು, ಒಂದು ಬದಿಗೆ ಉದ್ದನೆಯ ಸೋಫಾ, ಚಹಾ ಕಾಸಲು ಜಾಗ, ಅರ್ಧ ತಾಸಿನಲ್ಲಿ ಬೆಳಗಾವಿ. ಇನ್ನೊಂದು ಎರಡು ಪಂಖಾ ಇರುವ ಸಣ್ಣ ವಿಮಾನ. ಆರು ಜನ, ಗದ್ದಲ ಹೆಚ್ಚು, ವೇಗ ಕಡಿಮೆ.

“ಹಂಗಾರ ಜೆಟ್ಟ ಮಾಡು,” ಎಂದೆ ನಾನು. ಜೆಟ್ಟನ್ನು ಯಾವ ಮೂರ್ಖ ಬಿಡುತ್ತಾನೆ?

“ಅಲ್ಲೇ ಮಂದಿ ತಪ್ಪೋದು ನೋಡು,” ಎಂದು ಅವನು ಉತ್ಸಾಹದಿಂದ ನನ್ನ ಮೊಣಕಾಲು ತಟ್ಟಿದ. “ಮ್ಯಾಲ ಎಷ್ಟು ಓಡ್ತದ ಅನ್ನೂದಲ್ಲೋ, ಕೆಳಗ ಎಲ್ಲಿ ಇಳೀತದ ಅನ್ನೂದು ನೋಡಬೇಕು. ಜೆಟ್ಟಿಗೆ ಡಾಂಬರಿನ ಉದ್ದನ್ನ ಪಟ್ಟಿ ಬೇಕು. ಬೆಳಗಾವಿ ಸಾಂಬ್ರಾ ಬಿಟ್ರ ಇಲ್ಲ. ಅಲ್ಲಿಂದ ಮತ್ತ ಮೂರು ತಾಸು ಮೋಟಾರ. ಪಂಖಾದ್ದು ಸಕ್ಕರಿ ಕಾರ್ಖಾನಿಯವರ ಸ್ವಂತ ಮುರುಮಿನ ಪಟ್ಟಿ ಅದ, ಬರೇ ಗರಸು ಮಣ್ಣು ಬಡದದ್ದು, ಅದರ ಮ್ಯಾಲ ಇಳೀತದ. ಬಾಗಲದಾಗ ಇಳದಂಗ. ಪಂಖಾದ್ದ ಸರಿ.”

ಸರಿಯಾಗಿಯೇ ಆರಿಸಿದ್ದ. ಆ ಹೊತ್ತಿನಲ್ಲಿ ಅವನ ಬುದ್ಧಿ ಅಷ್ಟು ಚೊಕ್ಕವಾಗಿತ್ತು.

ಮರುದಿನ ಮುಂಜಾನೆ ಅದೇ ಸಕ್ಕರೆ ಕಾರ್ಖಾನೆಯ ಆಫೀಸಿನಿಂದ ಅವನಿಗೊಂದು ಟ್ರಂಕ್ ಕಾಲ್ ಬಂತು. ಕಾರ್ಖಾನೆಯ ಬೇಲಿಗೆ ಹತ್ತಿದ ಹಳ್ಳಿಯೇ ಅವನ ಊರು. ಅಲ್ಲಿ ಅವನ ಅಕ್ಕ ಗಂಗೂಬಾಯಿ ಇದ್ದರು. ತಂದೆತಾಯಿ ಹೋದ ಮೇಲೆ ಅವನನ್ನು ಬೆಳೆಸಿ, ಓದಿಸಿ, ಪುಣೆಯ ಗಾಡಿ ಹತ್ತಿಸಿದವರು ಅವರೇ. ಸಣ್ಣ ವಯಸ್ಸಿನಲ್ಲೇ ಗಂಡ ತೀರಿಕೊಂಡಿದ್ದ. ಎಡಗಣ್ಣು ಅದಕ್ಕಿಂತ ಮೊದಲೇ ಸಿಡುಬಿನಲ್ಲಿ ಹೋಗಿತ್ತು. ಉಳಿದ ಒಂದು ಕಣ್ಣಿನಲ್ಲಿ ಅವರು ಸೂಜಿಗೆ ದಾರ ಪೋಣಿಸಿ ಹೊಲಿದ ಕೌದಿಗಳು ನಮ್ಮ ಮನೆಯಲ್ಲೂ ಇದ್ದವು. ಈಗ ಆ ಕಣ್ಣಿಗೆ ಒಂದು ಬದಿಯಿಂದ ಕಪ್ಪು ಪರದೆ ಇಳಿಯತೊಡಗಿದೆ ಎಂದು ನೆರೆಯವರೊಬ್ಬರು ಫೋನಿನಲ್ಲಿ ಹೇಳಿದರು. ಜಮಖಂಡಿಯ ಕಣ್ಣಿನ ಡಾಕ್ಟರು ನೋಡಿ, ಒಳಗಿನ ಪೊರೆ ಬಿಚ್ಚಿಕೊಳ್ಳುತ್ತಿದೆ, ಅಲುಗಾಡದೆ ಮಲಗಿರಬೇಕು, ಬಸ್ಸು-ಚಕ್ಕಡಿಯ ಧಕ್ಕೆ ಸಲ್ಲದು, ಆದಷ್ಟು ಬೇಗ ಪುಣೆಗೋ ಮುಂಬಯಿಗೋ ಒಯ್ದು ಆಪರೇಷನ್ ಮಾಡಿಸಬೇಕು ಎಂದಿದ್ದರಂತೆ.

ಇದನ್ನು ದಿಗಂಬರ ನನಗೆ ಸಂಜೆ ಗಾಡಿಯಲ್ಲಿ ಹೇಳಿದ. ನನಗೆ ಒಂದು ಕ್ಷಣ ಖುಷಿಯೇ ಆಯಿತು.

“ದೇವರು ಕಣ್ಣ ತೆರದಾನ ನೋಡೋ! ನಿಮ್ಮ ವಿಮಾನ ಅಕ್ಕನ ಊರಾಗ ಇಳೀತದ. ಬರಬೇಕಾದ್ರ ಕರಕೊಂಡು ಬಾ.”

ಅವನು ಕಿಟಕಿಯ ಹೊರಗೆ ನೋಡಿದ. “ಜೆಟ್ಟ ಮಾಡಿಬಿಟ್ಟೆ,” ಎಂದ.

“ಏನಂದಿ?”

“ಮಧ್ಯಾಹ್ನ ಮುಂಬಯಿಗೆ ಜೆಟ್ಟ ಅಂತ ಹೇಳಿದೆ. ಪಂಖಾದ್ದು ಮಾಡಿದ್ರ ನಾಳೆ ಮಂದಿ ಏನಂತಾರ? ದಿಗಂಬರ ತನ್ನ ಅಕ್ಕನ ಸಲುವಾಗಿ ಕಂಪನಿ ವಿಮಾನ ತನ್ನ ಊರಾಗ ಇಳಿಸಿದ ಅಂತಾರ.”

“ನಿನ್ನೆ, ಅಕ್ಕನ ಸುದ್ದಿ ಬರೂಕಿಂತ ಮೊದಲ ಪಂಖಾದ್ದ ಸರಿ ಅಂದಿದ್ದೆಲ್ಲೋ!”

“ಅದು ನನಗ ನಿನಗ ಗೊತ್ತು. ಮಂದಿಗೇನು ಗೊತ್ತು?”

ಅವನ ಕೊರಳಪಟ್ಟಿ ಹಿಡಿದು ಅಲುಗಿಸಬೇಕು ಎನಿಸಿತು. ಕಾರ್ಖಾನೆಯಲ್ಲಿ ಒಬ್ಬನೇ ಒಬ್ಬ ಹಾಗೆ ಅನ್ನುತ್ತಿರಲಿಲ್ಲ. ಅಂದಿದ್ದರೂ ಅವನ ಬಾಯಿ ನಾವೇ ಮುಚ್ಚಿಸುತ್ತಿದ್ದೆವು. ಈಗಿಂದೀಗ ಬದಲಿಸು ಎಂದು ಕೂಗಿದೆ. ಎದುರಿಗೆ ಕುಳಿತ ತರಕಾರಿಯ ಹೆಂಗಸು ಬೆಚ್ಚಿ ನನ್ನನ್ನು ನೋಡಿದಳು. ಆದರೆ ಪುಣೆಯ ಲೋಹಗಾಂವದ ವಿಮಾನ ನಿಲ್ದಾಣ ವಾಯುಪಡೆಯದ್ದು. ಹೊರಗಿನ ವಿಮಾನ ಇಳಿಯಬೇಕಾದರೆ ಆಯಾ ವಿಮಾನದ ಹೆಸರಿನಲ್ಲಿ ಪರವಾನಿಗೆ ಬೇಕು. ಜೆಟ್ಟಿನ ಹೆಸರಿನಲ್ಲಿ ಅರ್ಜಿ ಹೋಗಿಬಿಟ್ಟಿತ್ತು. ಅದನ್ನು ರದ್ದು ಮಾಡಿ ಹೊಸದಾಗಿ ಕೇಳಿದರೆ ಜರ್ಮನಿಯವರು ತಮ್ಮ ಊರು ಮುಟ್ಟಿದ ಮೇಲೆ ಸಿಗುತ್ತಿತ್ತು.

“ಜೆಟ್ಟ ಇರ್ಲಿ ಬಿಡು,” ಎಂದೆ. “ಅಕ್ಕನ್ನ ಬೆಳಗಾವಿ ತನಕ ತಂದು ಅದರಾಗ ಕರಕೊಂಡು ಬರ್ತೀನಿ ಅಂತ ಸಾಹೇಬರನ್ನ ಕೇಳಿದ್ಯೇನು?”

ಕೇಳಿರಲಿಲ್ಲ. ಕೇಳುವವನೂ ಆಗಿರಲಿಲ್ಲ. ಪ್ರವಾಸ ಮುಗಿಸಿ, ರಜೆ ಹಾಕಿ, ಆಮೇಲೆ ಹೇಗಾದರೂ ತರುತ್ತೇನೆ ಎಂದ. ಕೇಳಿದ್ದು ಇಂದೂ ವೈನಿ. ವಿಷಯ ಕಿವಿಗೆ ಬಿದ್ದೊಡನೆ ಸೀರೆಯ ಸೆರಗು ಸಿಕ್ಕಿಸಿಕೊಂಡು ಮೂಲೆಯ ಕಿರಾಣಿ ಅಂಗಡಿಗೆ ಹೋಗಿ ಸಾಹೇಬರ ಬಂಗಲೆಗೆ ಫೋನು ಮಾಡಿದರು. ಅವರಿಗೆ ಪಂಖಾ, ಜೆಟ್ಟು ಇವು ಯಾವುವೂ ಗೊತ್ತಿರಲಿಲ್ಲ. ಗಂಡನ ಅಕ್ಕನ ಕಣ್ಣು ಹೋಗುತ್ತದೆ, ಬರುವಾಗ ಒಂದು ಜಾಗ ಕೊಡಿರಿ ಎಂದಷ್ಟೇ ಕೇಳಿದರು. ಸಾಹೇಬರು, “ಇದನ್ನೇನು ಕೇಳೋದವ್ವಾ, ಕರಕೊಂಡು ಬರ್ತೀವಿ,” ಎಂದರು. ಇಷ್ಟೇ ಮಾತು. ಹೆಂಗಸೊಬ್ಬಳು ಕಿರಾಣಿ ಅಂಗಡಿಯಲ್ಲಿ ನಿಂತು ಮಾಡಿದ ಕೆಲಸ.

ಪ್ರವಾಸದ ದಿನ ನಡೆದದ್ದನ್ನು ದಿಗಂಬರ ನನಗೆ ಬಹಳ ತಿಂಗಳ ಮೇಲೆ, ತುಣುಕು ತುಣುಕಾಗಿ ಹೇಳಿದ. ಜೆಟ್ಟು ಅರ್ಧ ತಾಸಿನಲ್ಲಿ ಸಾಂಬ್ರಾದಲ್ಲಿ ಇಳಿಯಿತು. ಅಲ್ಲಿಂದ ಎರಡು ಮೋಟಾರು. ಕಬ್ಬಿನ ಗಾಡಿಗಳು ಓಡಾಡಿ ಅಗೆದುಹೋದ ರಸ್ತೆ. ಕಾರ್ಖಾನೆ ಮುಟ್ಟುವಾಗ ಜರ್ಮನಿಯವರ ಸೊಂಟ ಹಿಡಿದಿತ್ತು. ಅವರು ಗಾಣದ ಕಡೆ ಹೋದರು. ದಿಗಂಬರ ಅಕ್ಕನ ಮನೆಗೆ ಹೋದ. ಹೋಗುವ ದಾರಿ ಆ ಮುರುಮಿನ ಪಟ್ಟಿಯ ಪಕ್ಕದ್ದೇ. ಪಟ್ಟಿಯ ಮೇಲೆ ಎಮ್ಮೆಗಳು ಮೇಯುತ್ತಿದ್ದವಂತೆ.

ಗಂಗೂಬಾಯಿಗೆ ಅರ್ಧ ಕಣ್ಣು ಇನ್ನೂ ಕಾಣುತ್ತಿತ್ತು. ತಮ್ಮನ ಮುಖ ನೋಡಿ, “ಸೊರಗೀಯಲ್ಲೋ,” ಎಂದರು. ಕಾರಿನ ಹಿಂದಿನ ಸೀಟಿನ ಮೇಲೆ ಎರಡು ಕೌದಿ ಹಾಸಿ ಮಲಗಿಸಿದರು. ತಲೆಯನ್ನು ದಿಗಂಬರ ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದ. ಡ್ರೈವರನಿಗೆ ಸಾವಕಾಶ ಹೋಗು ಎಂದು ಸಾಹೇಬರೇ ಹೇಳಿದ್ದರು. ಆದರೆ ಕತ್ತಲಾದರೆ ಸಾಂಬ್ರಾದಿಂದ ವಿಮಾನ ಏಳುವಂತಿರಲಿಲ್ಲ, ಎಷ್ಟು ಸಾವಕಾಶ ಹೋದಾನು? ಒಂದೊಂದು ತಗ್ಗಿಗೂ ಆ ತಲೆ ಅವನ ಕೈಯಲ್ಲಿ ಜಿಗಿಯುತ್ತಿತ್ತು. ಯರಗಟ್ಟಿ ದಾಟಿದ ಮೇಲೆ ಅಕ್ಕ ಅವನ ಕೈ ಹಿಡಿದು, “ದಿಗೂ, ಪರದೆ ಪೂರಾ ಇಳೀತಪಾ,” ಎಂದರು. ಹೊರಗೆ ಇನ್ನೂ ಬಿಸಿಲಿತ್ತು.

ಪುಣೆಯಲ್ಲಿ ಆಪರೇಷನ್ ಆಯಿತು. ಕೈಗೂಡಲಿಲ್ಲ. ರಸ್ತೆಯ ಧಕ್ಕೆಯಿಂದ ಹೀಗಾಯಿತೇ ಎಂದು ದಿಗಂಬರ ಡಾಕ್ಟರರನ್ನು ಕೇಳಿದ. “ಆಗಿರಬಹುದು, ಆಗದೆಯೂ ಇರಬಹುದು,” ಎಂದರು ಅವರು. ಇದಕ್ಕಿಂತ ಆಗಿದೆ ಎಂದು ಖಡಾಖಂಡಿತ ಹೇಳಿದ್ದರೆ ಅವನು ಒಂದು ಸಲ ಅತ್ತು ಮುಗಿಸುತ್ತಿದ್ದ ಎಂದು ನನಗೆ ಎಷ್ಟೋ ಸಲ ಅನಿಸಿದೆ.

ಗಂಗೂಬಾಯಿ ನಮ್ಮ ವಾಡೆಯಲ್ಲೇ ಉಳಿದರು. ಗೋಡೆ ಹಿಡಿದು ಮೆಟ್ಟಿಲಿಳಿದು ಅಂಗಳದ ನಲ್ಲಿಯ ಹತ್ತಿರ ಬಿಸಿಲಿಗೆ ಕುಳಿತುಕೊಳ್ಳುವರು. ನೀರು ಹಿಡಿಯಲು ಬಂದ ಮರಾಠಿ ಹೆಂಗಸರಿಗೆ ತಮ್ಮ ಹರಕುಮುರುಕು ಮರಾಠಿಯಲ್ಲಿ ವಿಮಾನದ ಕತೆ ಹೇಳುವರು. ನನ್ನ ತಮ್ಮ ನನ್ನನ್ನು ಜೆಟ್ ವಿಮಾನದಲ್ಲಿ ಸೋಫಾದ ಮೇಲೆ ಮಲಗಿಸಿ ತಂದ, ಯಾವ ರಾಜರ ಮನೆಯ ಅಕ್ಕನಿಗೆ ಈ ಭಾಗ್ಯ ಇತ್ತು ಎನ್ನುವರು. ಆ ಹೊತ್ತಿಗೆ ದಿಗಂಬರ ಮನೆಯಲ್ಲಿದ್ದರೆ ಚಪ್ಪಲಿ ಮೆಟ್ಟಿ ಹೊರಗೆ ನಡೆಯುತ್ತಿದ್ದ. ಕೆಲವೊಮ್ಮೆ ಅವರು ಅವನನ್ನೇ ಕೂಗಿ, “ಅದರ ಬಣ್ಣ ಯಾವದಿತ್ತೋ ದಿಗೂ? ಈ ಅಕ್ಕಾರು ಕೇಳಾಕತ್ತಾರ,” ಎನ್ನುವರು. ಅವನು, “ಬಿಳಿ. ನೀಲಿ ಪಟ್ಟಿ ಇತ್ತು,” ಎಂದು ಹೇಳಿ ತಲೆ ತಗ್ಗಿಸುತ್ತಿದ್ದ. ತಮ್ಮ ಬೇರೊಂದು ವಿಮಾನ ಆರಿಸಬಹುದಿತ್ತು ಎಂಬುದು ಅವರಿಗೆ ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ಹೇಳುವ ಅಧಿಕಾರ ಅವನದು.

ಕೆಲಸದಲ್ಲಿ ಅವನು ಮೊದಲಿನಂತೆಯೇ ಇದ್ದ. ಟಿಕೀಟು ಸಿಗುತ್ತಿದ್ದವು. ಆದರೆ ಎರಡು ಗಾಡಿಗಳಲ್ಲಿ ಯಾವುದು ಒಳ್ಳೆಯದು ಎಂದು ಯಾರಾದರೂ ಕೇಳಿದರೆ, “ನೀವ ಹೇಳ್ರಿ,” ಎನ್ನುತ್ತಿದ್ದ. ತಾನಾಗಿ ಆರಿಸುವುದನ್ನು ಬಿಟ್ಟೇಬಿಟ್ಟ. ಅವನ ಜಾಣತನವೆಲ್ಲ ಇದ್ದದ್ದು ಅದರಲ್ಲೇ, ಅದನ್ನು ಬಿಟ್ಟ ಮೇಲೆ ಅವನು ಬರೀ ಫೋನು ಮಾಡುವ ಮನುಷ್ಯನಾದ. ನನಗೆ ಅದನ್ನು ನೋಡಲು ಆಗುತ್ತಿರಲಿಲ್ಲ.

೧೯೮೫ರ ಗಣಪತಿ ಹಬ್ಬದಲ್ಲಿ ಸದಾನಂದರಾಯರು ಹಳೆಯ ನೌಕರರ ಮನೆಗಳಿಗೆ ದರ್ಶನಕ್ಕೆ ಹೊರಟವರು ನಮ್ಮ ವಾಡೆಗೂ ಬಂದರು. ದಿಗಂಬರನ ಮನೆಯಲ್ಲಿ ಆರತಿ ಆಯಿತು. ನಾನೂ ಅಲ್ಲೇ ಇದ್ದೆ. ಗಂಗೂಬಾಯಿ ಗೋಡೆಗೆ ಒರಗಿ ಕುಳಿತು ಸಾಹೇಬರಿಗೆ ಕೈ ಮುಗಿದು, “ನಿಮ್ಮ ಜೆಟ್ಟಿನಾಗ ಕೂತಾಕಿ ನಾ,” ಎಂದು ನಕ್ಕರು.

ಸಾಹೇಬರೂ ನಕ್ಕರು. ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳದ ಮನುಷ್ಯ. “ಖರೇ ಹೇಳ್ರಿ ದಿಗಂಬರ, ಅವತ್ತ ಜೆಟ್ಟ ಯಾಕ ಮಾಡಿದ್ರಿ? ನನಗೇನು ಡೌಲು ಬೇಕಾಗಿದ್ದಿಲ್ಲ. ಆಮ್ಯಾಲ ಆ ಸಕ್ಕರಿ ಕಾರ್ಖಾನಿಯವರು ಕೇಳಿದ್ರು, ಸಣ್ಣ ವಿಮಾನ ತಂದಿದ್ರ ನಮ್ಮ ಅಂಗಳದಾಗ ಇಳೀತಿತ್ತಲ್ಲ ಅಂತ. ನೀವು ಒಂದ ಮಾತು ಅಂದಿದ್ರ ನಾ ಹೂಂ ಅಂತಿದ್ದೆ.”

ದಿಗಂಬರನ ಕೈಯಲ್ಲಿ ಪ್ರಸಾದದ ತಟ್ಟೆ ಇತ್ತು. ಅವನು ಅದನ್ನು ಕೆಳಗಿಡಲೂ ಇಲ್ಲ, ಕೊಡಲೂ ಇಲ್ಲ.

“ಯಾವ ಅಂಗಳ?” ಎಂದರು ಗಂಗೂಬಾಯಿ. “ನಮ್ಮೂರ ಪಟ್ಟಿ ಮ್ಯಾಲೇನು? ಎಮ್ಮಿ ಮೇಸೂದು?”

“ಹೌದ್ರಿ, ಅದ,” ಎಂದರು ಸಾಹೇಬರು.

ಬೀದಿಯಲ್ಲಿ ಡೋಲು ಬಾರಿಸುತ್ತ ಒಂದು ಮಂಡಳದವರು ಹಾದುಹೋದರು. ಮನೆಯ ಬಾಗಿಲಿನಿಂದ ಆ ಪಟ್ಟಿಗೆ ಎಷ್ಟು ದೂರ ಎಂದು ಗಂಗೂಬಾಯಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಅವಗ ಏನೂ ಅನಬ್ಯಾಡ್ರಿ, ಸಾಹೇಬ್ರ,” ಎಂದರು ಕೊನೆಗೆ. “ನಾ ಮಂದಿ ಮನ್ಯಾಗ ಅಡಗಿ ಮಾಡಿದಾಕಿ. ಇವ ಸಣ್ಣಾವ ಇದ್ದಾಗ ಜೋಡಿ ಕರಕೊಂಡು ಹೋಗ್ತಿದ್ದೆ. ಮನಿಯಾಕಿ, ‘ಬಾರೋ, ಉಣ್ಣು ಬಾ’ ಅಂತ ಕರೀತಿದ್ಲು. ಇವ ನನ್ನ ಮಾರಿ ನೋಡ್ತಿದ್ದ. ನಾ ಬ್ಯಾಡ ಅನ್ನು ಅಂತ ಕಣ್ಣಾಗ ಗದರಸ್ತಿದ್ದೆ. ಆಗ ಇವ, ‘ಹಸಿವಿಲ್ರಿ’ ಅಂತಿದ್ದ. ಹಸಿದಿರ್ತಿತ್ತು ಕೂಸು. ಭಿಡೆ ಕಲಿಸಿದಾಕಿ ನಾನ.”

ದಿಗಂಬರ ತಟ್ಟೆ ಅಲ್ಲೇ ಬಿಟ್ಟು ಅಕ್ಕನ ಮುಂದೆ ಕುಸಿದು ಕುಳಿತ. ನಲವತ್ತೆಂಟರ ಗಂಡಸು, ಮಾಲೀಕರ ಎದುರು, ನನ್ನ ಎದುರು ಬಿಕ್ಕಿ ಬಿಕ್ಕಿ ಅತ್ತ.

“ಬಾಯಿ ಬಿಟ್ಟು ಕೇಳಬೇಕಾಗಿತ್ತಕ್ಕಾ,” ಎಂದ. “ನಾ ಕೇಳಬೇಕಾಗಿತ್ತು.”

ಪರವಾಗಿಲ್ಲ ಬಿಡು ಎನ್ನುತ್ತಾರೆ ಎಂದು ನಾವೆಲ್ಲ ಕಾದೆವು. ಗಂಗೂಬಾಯಿ ಅವನ ತಲೆ ಹುಡುಕಿ ಕೈ ಇಟ್ಟರು.

“ಹೌದಪಾ, ಕೇಳಬೇಕಾಗಿತ್ತು,” ಎಂದರು. “ನನಗ ಇನ್ನೂ ನೋಡೋದಿತ್ತು.”