ಲಿಗೋರಿಯವರ ಎರಡನೆಯ ಶೀಶೆ

ಸದಾನಂದನ ಎರಡು ಅಂಗೈಗಳೂ ಹುಣ್ಣಾದವು. ಲಿಗೋರಿಯವರ ಕೆಲಸ ಹೋಯಿತು. ಕ್ರೋಮ್ ಲೇಪನದ ಕಾರ್ಖಾನೆಯ ಮಾಲೀಕರಿಗೂ ವರದಿಯನ್ನು ಕಪಾಟಿನಲ್ಲಿಟ್ಟ ಪ್ರಯೋಗಾಲಯದ ಮ್ಯಾನೇಜರರಿಗೂ ಏನೂ ಆಗಲಿಲ್ಲ.

ಲಿಗೋರಿಯವರು ಮಾತಿಗೆ ಮೊದಲು ದೀಪ ಆರಿಸುವ ಮನುಷ್ಯರು. ಕೊಲ್ಲಿ ದೇಶದ ಅಲ್ ಕುಸೈಸಿನಲ್ಲಿದ್ದ ನಮ್ಮ ಫ್ಲ್ಯಾಟಿಗೆ ಬಂದಾಗಲೆಲ್ಲ ಪರದೆ ಎಳೆದು, ಕಿಸೆಯಿಂದ ನೇರಳೆ ಬೆಳಕಿನ ಟಾರ್ಚು ತೆಗೆದು, ಸೋಪಿನ ಪುಡಿಯಿಂದ ಹಿಡಿದು ಶಾಲೆಯ ಬಿಳಿ ಅಂಗಿಯವರೆಗೆ ಏನೇನು ಹೊಳೆಯುತ್ತದೆಂದು ತೋರಿಸುವರು. "ಅಂಕಲ್, ಒನ್ಸ್ ಮೋರ್!" ಎಂದು ನನ್ನ ಮಗಳು ಕುಣಿಯುವಳು.

ಮಂಗಳೂರು ಕಡೆಯ ಅವರು ಸಿಲಿಕಾನ್ ಓಯಸಿಸ್‌ನ ಒಂದು ಪ್ರಯೋಗಾಲಯದಲ್ಲಿ ತಂತ್ರಜ್ಞರಾಗಿದ್ದರು. ತಾವೇ ತಯಾರಿಸಿದ ಬಿಳಿ ಪುಡಿಯೊಂದನ್ನು ನೀರಿನಲ್ಲಿ ಕದಡಿ ಶೀಶೆಯಲ್ಲಿ ಇಟ್ಟುಕೊಂಡಿರುತ್ತಿದ್ದರು. ಟಾರ್ಚು ಬಿಟ್ಟರೆ ಅದು ನೀಲಿಯಾಗಿ ಬೆಳಗುತ್ತಿತ್ತು.

"ಕಟ್ಟಡಕ್ಕೆ ಕಟ್ಟುವ ಸ್ಕ್ಯಾಫೋಲ್ಡಿಂಗ್ ನೋಡಿದ್ದೀರಲ್ಲ ಬಾಯಿ? ಈ ಪುಡಿಯೂ ಹಾಗೇ: ಜಾಯಿಂಟಿನಲ್ಲಿ ಲೋಹ, ನಡುವೆ ಕಾರ್ಬನ್ನಿನ ಸರಳು. ಹೊಳೆಯುವುದು ಆ ಸರಳು. ಒಳಗೆಲ್ಲ ಖಾಲಿ ಗೂಡು ಉಂಟು. ವಿಷದ ಕ್ರೋಮಿಯಂ ಅಲ್ಲಿ ಹೊಕ್ಕು ಬೆಳಕನ್ನು ತಾನೇ ನುಂಗುತ್ತದೆ. ಹೊಳಪು ಖಲಾಸ್!" ಎಂದು ವಿವರಿಸುವರು. ಹೆಂಗಸರನ್ನೆಲ್ಲ ಅವರು 'ಬಾಯಿ' ಎಂದೇ ಕರೆಯುತ್ತಿದ್ದರು.

ಶುಕ್ರವಾರಗಳಲ್ಲಿ ನಾನು ಕಾರ್ಮಿಕರಿಗೆ ಇಂಗ್ಲಿಷ್ ಕಲಿಸುತ್ತಿದ್ದೆ. ಉಡುಪಿಯ ಸದಾನಂದನಿಗೆ ಪೆನ್ನು ಹಿಡಿಯಲಾಗದ್ದು ಕಂಡು ಕಾರಣ ಕೇಳಿದೆ. ಅವನಿದ್ದ ಕ್ರೋಮ್ ಲೇಪನದ ಕಾರ್ಖಾನೆಯ ಒಂದೇ ನಲ್ಲಿ ಆಫೀಸಿನ ಬೀಗದೊಳಗಿತ್ತು. ಬೆಳಿಗ್ಗೆ ಒಂದು ಸಲ ಮಾತ್ರ ಹಳೆಯ ಕಬ್ಬಿಣದ ಪೈಪಿನಿಂದ ತುಂಬಿಸಿ, ಲೇಪನವಾದ ಸಾಮಾನು ತೊಳೆಯುತ್ತಿದ್ದ ಪ್ಲಾಸ್ಟಿಕ್ ಪೀಪಾಯಿಯಲ್ಲೇ ಕಾರ್ಮಿಕರು ಊಟಕ್ಕೆ ಮೊದಲು ಕೈ ತೊಳೆಯುತ್ತಿದ್ದರು. ಮರುವಾರ ಅವನು ಆ ನೀರನ್ನು ಬಾಟಲಿಯಲ್ಲಿ ತಂದ. ಲಿಗೋರಿಯವರು ತಮ್ಮ ಶೀಶೆಗೆ ಟಾರ್ಚು ಬಿಟ್ಟು ಅದರ ನಾಲ್ಕು ಹನಿ ಹಾಕಿದರು. ನೀಲಿ ನಂದಿತು.

"ಬ್ಯಾಟರಿ ಹೋಯಿತಾ ಎಂತ ಸಾರ್?" ಎಂದ ಸದಾನಂದ.

"ಬ್ಯಾಟರಿ ಹೋದದ್ದು ನಿನ್ನ ಧಣಿಗಳದ್ದು!"

ಅಂದೇ ದೂರು ಬರೆಯಲು ನಾನು ಕುಳಿತೆ. ಅವರು ಪೆನ್ನು ಕಸಿದುಕೊಂಡರು. "ಯಲ್ಲಾ, ನಡೀರಿ ಅಂತ ಓಡಬೇಡಿ ಮಾರಾಯ್ರೆ. ತುಕ್ಕಿನ ಕಬ್ಬಿಣ ಕರಗಿದ್ದರೂ ಇದು ನಂದುತ್ತದೆ. ಬೆಳಕು ಹೋಯಿತು ಅಂತ ಮಾತ್ರ ಗೊತ್ತಾಯಿತು. ಯಾರು ತೆಗೆದದ್ದು ಅಂತ ಗೊತ್ತಾಗಲಿಲ್ಲ." ನನಗೆ ಸಿಟ್ಟು ಬಂತು. ಹುಣ್ಣಿಗಿಂತ ದೊಡ್ಡ ಸಾಕ್ಷಿ ಬೇಕೇ ಎಂದು ಜಗಳವಾಡಿದೆ. ತಪ್ಪು ನನ್ನದು. ಅವಸರದ ಆರೋಪವನ್ನು ಮಾಲೀಕರು ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದರು.

ಮುಂದಿನ ವಾರ ಅದೇ ಹಳೆಯ ಪೈಪಿನಿಂದ ಪೀಪಾಯಿಗೆ ಬೀಳುವ ನೀರನ್ನು, ಬೀಳುವ ಮೊದಲೇ ಹಿಡಿಸಿ ತರಿಸಿದರು. ಅದೇ ಪುಡಿಯ ಎರಡನೆಯ ಶೀಶೆಗೆ ಅದನ್ನು ಹಾಕಿದರು. ನೀಲಿ ಹಾಗೆಯೇ ಉಳಿಯಿತು. ಕೆಡುಕು ಪೈಪಿನಲ್ಲಿರಲಿಲ್ಲ, ಪೀಪಾಯಿಯಲ್ಲಿತ್ತು. ಆಮೇಲೆ ಪ್ರಯೋಗಾಲಯದ ದೊಡ್ಡ ಯಂತ್ರದಲ್ಲಿ ಅಳೆದರು. ಕ್ರೋಮಿಯಂ ಎಂದೇ ಬಂತು. ಹಾಗೆಂದು ವರದಿ ಬರೆದು ಸಹಿ ಹಾಕಿದರು.

ಆ ಕಾರ್ಖಾನೆ ಪ್ರಯೋಗಾಲಯದ ಗ್ರಾಹಕ ಸಂಸ್ಥೆ. ಅನುಮತಿಯಿಲ್ಲದೆ ಯಂತ್ರ ಬಳಸಿದರೆಂದು ಮ್ಯಾನೇಜರರು ವರದಿ ಕಿತ್ತುಕೊಂಡು ಲಿಗೋರಿಯವರ ವೀಸಾ ರದ್ದು ಮಾಡಿಸಿದರು. ಅವರು ಊರಿಗೆ ಹೊರಡುವ ಮುನ್ನ ಅಲ್ ಮುರಕ್ಕಬಾತ್‌ನ ಹೋಟೆಲೊಂದರಲ್ಲಿ ಕೊನೆಯ ಸಲ ಭೇಟಿಯಾದೆವು. ಕುಳಿತೊಡನೆ ಅವರು ಗೋಡೆಯ ಮೇಲೆ ಸ್ವಿಚ್ಚು ಹುಡುಕಿದರು. ಅಲ್ಲಿ ಆರಿಸಲು ಯಾವ ದೀಪವೂ ಅವರ ಕೈಗೆ ಎಟುಕುವಂತಿರಲಿಲ್ಲ. ಏಳುವಾಗ ಎರಡನೆಯ ಶೀಶೆಯನ್ನು ನನ್ನ ಕೈಗಿತ್ತರು. "ಸದಾನಂದನಿಗೆ ನಲ್ಲಿ ಸಿಕ್ಕಿತಾ ಅಂತ ನನಗೊಂದು ಮೆಸೇಜ್ ಹಾಕಿ, ಆಯ್ತಾ?"

ಆ ಮೆಸೇಜನ್ನು ನಾನಿನ್ನೂ ಕಳಿಸಿಲ್ಲ; ನಲ್ಲಿ ಇನ್ನೂ ಬೀಗದೊಳಗೇ ಇದೆ. ಮಾಲೀಕರೇ, ನಲ್ಲಿಯ ಬೀಗ ತೆಗೆಯಿರಿ. ಮ್ಯಾನೇಜರರೇ, ಕಪಾಟಿನಲ್ಲಿರುವ ವರದಿಯನ್ನು ಲಿಗೋರಿಯವರ ಸಹಿಯೊಂದಿಗೇ ಸದಾನಂದನ ಕೈಗೆ ಕೊಡಿ. ಅವನ ಕೈ ನೋಡುವ ವೈದ್ಯರಿಗೆ ಅದು ಬೇಕು.