ಪೈಲಟ್‌ಗಳ ಗುಟ್ಟು ಕಾಯುತ್ತಿದ್ದ ಗುಮಾಸ್ತರು

ಆ ಸಣ್ಣ ವಿಮಾನ ಸಂಸ್ಥೆಯ ಸುರಕ್ಷತಾ ಕಚೇರಿ ಎಂದರೆ ಎರಡನೇ ಮಹಡಿಯ ಒಂದು ಕೋಣೆ, ಎರಡು ಮೇಜು, ಬೀಗ ಹಾಕಿದ ಒಂದು ಕಬ್ಬಿಣದ ಕಪಾಟು. ಹಾರಾಟದಲ್ಲಿ ಆದ ಎಡವಟ್ಟುಗಳನ್ನು ಪೈಲಟ್‌ಗಳು ಬರೆದು ಕೊಡಬೇಕು, ಅದರಿಂದ ಉಳಿದವರು ಎಚ್ಚೆತ್ತುಕೊಳ್ಳಬೇಕು ಎಂದು ಅದನ್ನು ತೆರೆದಿದ್ದರು. ಮೊದಲ ವರ್ಷ ಯಾರೂ ಬರೆಯಲಿಲ್ಲ. ತಮ್ಮ ತಪ್ಪನ್ನು ತಾವೇ ಬರೆದು ಕೊಟ್ಟು ಕೆಲಸಕ್ಕೆ ಕುತ್ತು ತಂದುಕೊಳ್ಳುವವರು ಯಾರು?

ಅಲ್ಲಿನ ಗುಮಾಸ್ತರು ಬೆನ್ನು ಬಿಡಲಿಲ್ಲ. ಫಾರಂಗಳ ಕಟ್ಟು ಹಿಡಿದು ಪೈಲಟ್‌ಗಳ ವಿಶ್ರಾಂತಿ ಕೋಣೆಗೆ ಹೋಗಿ, ಪಕ್ಕದಲ್ಲಿ ಕೂತು, ನಗಿಸಿ ಪುಸಲಾಯಿಸುತ್ತಿದ್ದರು.

“ಬರೀರಿ ಸಾರ್. ಹೆಸರು ನನ್ನ ಹೊಟ್ಟೇಲೇ ಇರುತ್ತೆ.”

ಅವರ ಮುಖ ನೋಡಿಯೇ ಜನ ಬರೆಯತೊಡಗಿದರು. ಕಣ್ಣು ಕುಕ್ಕುವ ದೀಪ, ನಿದ್ದೆಗೆಟ್ಟ ಬೆಳಗಿನ ಪಾಳಿ, ಅರ್ಥವಾಗದ ಸೂಚನಾ ಫಲಕ. ಹಲವು ಸರಿಯೂ ಆದವು.

ಒಂದು ದಿನ ಕ್ಯಾಪ್ಟನ್ ಮೇಡಂ ಬರೆದರು. ಸಂಸ್ಥೆಗೆ ಅವರೊಬ್ಬರೇ ಮಹಿಳಾ ಕ್ಯಾಪ್ಟನ್. ಹೊರಡುವ ಮುನ್ನ, ವಿಮಾನ ಮೇಲೇಳಲು ನೆರವಾಗುವ ರೆಕ್ಕೆಯ ಫ್ಲಾಪ್ ಇಳಿಸುವುದು ಮರೆತಿದ್ದರಂತೆ. ವೇಗ ಹಿಡಿಯುವಾಗ ಎಚ್ಚರಿಕೆಯ ಹಾರ್ನ್ ಕೂಗಿತು, ವಿಮಾನ ನಿಲ್ಲಿಸಿದರು. ಕೆಳಗೆ ಇನ್ನೂ ನಾಲ್ಕು ಸಾಲು: ತಪಾಸಣೆಯ ಪಟ್ಟಿ ಓದುತ್ತಿದ್ದಾಗ ಯಾರದೋ ಸೂಟ್‌ಕೇಸ್ ಬಗ್ಗೆ ಕೆಳಗಿನ ಸಿಬ್ಬಂದಿ ರೇಡಿಯೋದಲ್ಲಿ ಕರೆದರು, ಆಗ ಕೈ ತಪ್ಪಿತು, ಆ ಹೊತ್ತಿನ ಇಂಥ ಕರೆ ನಿಲ್ಲಿಸಿ.

ಆ ಭಾನುವಾರ ಗುಮಾಸ್ತರ ಮನೆಗೆ ಭಾವಮೈದ ಊಟಕ್ಕೆ ಬಂದಿದ್ದ. ಅವನೂ ಅದೇ ಸಂಸ್ಥೆಯಲ್ಲಿ ಸಾಮಾನು ಗಾಡಿ ಓಡಿಸುವವನು. ಮಾತಿನ ಭರದಲ್ಲಿ ಗುಮಾಸ್ತರು, “ನಗದೇ ಇರೋ ಮೇಡಂ ಇದಾರಲ್ಲ, ಹಾರ್ನ್ ಕೂಗದಿದ್ರೆ ಅಷ್ಟೂ ಜನ ಗೋವಿಂದ!” ಎಂದುಬಿಟ್ಟರು. ಹೆಂಡತಿ ನಗಲಿಲ್ಲ. “ಇದನ್ನ ನೀವು ಹೇಳಬಹುದಾ?” ಎಂದಳು. “ನಾನು ಹೆಸರು ಹೇಳಿದೆನಾ?” ಎಂದು ಅವರು ಮಜ್ಜಿಗೆ ಸುರಿದುಕೊಂಡರು.

ಗುರುವಾರ ಅವರು ವಿಶ್ರಾಂತಿ ಕೋಣೆಯಲ್ಲಿ ಫಾರಂ ಹಂಚುತ್ತಿದ್ದಾಗ ಮೇಡಂ ಒಳಗೆ ಬಂದರು. ಮೂಲೆಯಿಂದ ಯಾರೋ ಬಾಯಲ್ಲೇ “ಪೋಂ... ಪೋಂ...” ಎಂದರು. ಎಲ್ಲರೂ ಘೊಳ್ಳೆಂದು ನಕ್ಕರು. ಮೇಡಂ ನಕ್ಕವರನ್ನು ನೋಡಲಿಲ್ಲ, ಗುಮಾಸ್ತರನ್ನು ನೋಡಿದರು. ಗುಮಾಸ್ತರಿಗೆ ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು.

ಅಂದಿನಿಂದ ಒಂದು ಫಾರಂ ಕೂಡ ತುಂಬಿ ಬರಲಿಲ್ಲ. ಎರಡು ತಿಂಗಳ ಬಳಿಕ ಸುರಕ್ಷತಾ ಕಚೇರಿಯ ಸಾಹೇಬರು ಪೈಲಟ್‌ಗಳಿಗೆ ಹೊಸ ಪತ್ರವೊಂದನ್ನು ಟೈಪ್ ಮಾಡಲು ಕೊಟ್ಟರು: ‘ನಿಮ್ಮ ಅನುಭವ ತಿಳಿಸಿ. ಗೋಪ್ಯತೆಗೆ ನಾವು ಹೊಣೆ.’ ಆ ಎರಡನೇ ವಾಕ್ಯ ಟೈಪ್ ಮಾಡಲು ಗುಮಾಸ್ತರ ಬೆರಳು ಏಳಲಿಲ್ಲ. ಎದ್ದು ಹೋಗಿ ನಡೆದದ್ದನ್ನು ಹೇಳಿದರು.

ಸಾಹೇಬರು ಬಾಗಿಲು ಮುಂದೆ ಮಾಡಿ, “ನಿಮ್ಮಿಂದ ಅಂತ ಸಾಬೀತಾಗಿಲ್ಲವಲ್ಲ. ಸುಮ್ಮನಿದ್ದುಬಿಡಿ,” ಎಂದರು.

“ಸುಮ್ಮನಿರಬೇಕಾದಾಗ ಇರಲಿಲ್ಲ ಸಾರ್. ಈಗ ಇದ್ರೆ ಏನು ಬಂತು?”

ತಿಂಗಳ ಸಭೆಯಲ್ಲಿ ಅವರು ಎಲ್ಲ ಪೈಲಟ್‌ಗಳ ಎದುರು ನಿಂತರು. ಯಾವ ಊಟದಲ್ಲಿ ಯಾರ ಮುಂದೆ ಏನು ಆಡಿದೆ ಎಂದು ಬಿಡದೆ ಹೇಳಿದರು. “ಮೇಡಂ, ಕ್ಷಮಿಸಿ,” ಎಂದರು.

ಮೇಡಂ ಕೂತಲ್ಲಿಂದಲೇ ಕೇಳಿದರು, “ಆ ರೇಡಿಯೋ ಕರೆ ನಿಲ್ಲಿಸಿದ್ರಾ?”

ಗುಮಾಸ್ತರು ಅದನ್ನು ಮೇಲಕ್ಕೆ ಕಳಿಸಿಯೇ ಇರಲಿಲ್ಲ. ನಗುವ ಸಂಗತಿ ಊರೆಲ್ಲ ಸುತ್ತಿ ಬಂದಿತ್ತು; ನಾಲ್ಕು ಸಾಲು ಕಪಾಟಿನಲ್ಲೇ ಉಳಿದಿತ್ತು.

“ಇಲ್ಲ,” ಎಂದರು.

“ಎರಡು ತಿಂಗಳಿಂದ ಆ ಕರೆ ಕೇಳ್ಕೊಂಡೇ ವಿಮಾನ ಹಾರಿಸ್ತಾ ಇದೀವಿ,” ಎಂದರು ಮೇಡಂ. ಅಷ್ಟೇ.

ಮರುದಿನವೇ ಆ ಕಾಗದ ಹಿಡಿದು ಗುಮಾಸ್ತರು ಮೇಲಧಿಕಾರಿಗಳ ಬಾಗಿಲು ಬಾಗಿಲು ಅಲೆದರು. ಮೂರನೇ ವಾರ ಆದೇಶ ಹೊರಬಿತ್ತು: ಎಂಜಿನ್ ಚಾಲೂ ಆದ ಮೇಲೆ ಸುರಕ್ಷತೆಗೆ ಸಂಬಂಧಿಸದ ಕರೆ ಮಾಡುವಂತಿಲ್ಲ. ಆಮೇಲೆ ಗುಮಾಸ್ತರು ತಾವೇ ಕೇಳಿ, ಸಿಬ್ಬಂದಿಗೆ ಪ್ರವೇಶದ ಪಾಸ್ ಕೊಡುವ ವಿಭಾಗಕ್ಕೆ ವರ್ಗ ಮಾಡಿಸಿಕೊಂಡರು. ಅವರ ಜಾಗಕ್ಕೆ ಮಿತಭಾಷಿ ಹೆಂಗಸೊಬ್ಬರು ಬಂದರು. ಬೇಸಿಗೆಯ ಹೊತ್ತಿಗೆ ಪೈಲಟ್‌ಗಳು ಮತ್ತೆ ಬರೆಯತೊಡಗಿದರಂತೆ.

ವರ್ಷದ ಕೊನೆಗೆ ಮೇಡಂ ಪಾಸ್ ನವೀಕರಿಸಲು ಬಂದರು. ಗುಮಾಸ್ತರು ಎದ್ದು ನಿಂತರು, ವಿವರ ಕೇಳಿದರು, ಫೋಟೋ ತೆಗೆದರು.

“ಆಯ್ತಾ?”

“ಆಯ್ತು ಮೇಡಂ.”

ಪಾಸ್ ಕೈಗಿಟ್ಟರು. ಅವರ ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಹೋಗುವವರೆಗೂ ಗುಮಾಸ್ತರ ತಲೆ ತಗ್ಗಿಯೇ ಇತ್ತು.